ಪುಟ್ಟ ಕ್ಯಾಮೆರಾ ಹಿಡಿದು ಕಡಲಿಗಿಳಿಯುವ ಮುನ್ನ: ಪೋರ್ಟ್ ಯಾವುದು, ಲೆನ್ಸ್ ಯಾವುದು?

ನೇತ್ರಾಣಿಗೋ ಅಂಡಮಾನಿಗೋ ಹೋಗಿ ಒಂದೆರಡು ಡೈವ್ ಮಾಡಿ ಬಂದವರಿಗೆ ಆಮೇಲೆ ಹತ್ತುವ ಹುಚ್ಚು ಫೋಟೋದ್ದು. ಯಾವ ಕ್ಯಾಮೆರಾ ತಗೊಳ್ಳಲಿ ಅಂತ ಕೇಳುತ್ತಾರೆ. ಎಷ್ಟು ಮೆಗಾಪಿಕ್ಸೆಲ್, ಯಾವ ಬ್ರ್ಯಾಂಡ್, ವಿಡಿಯೋ ಚೆನ್ನಾಗಿ ಬರುತ್ತಾ, ಇದೇ ಮಾತು. ನನ್ನ ಪ್ರಕಾರ ಅದೆಲ್ಲ ಆಮೇಲಿನ ವಿಚಾರ. ಮೊದಲು ನೋಡಬೇಕಾದ್ದು ಹೌಸಿಂಗ್, ಅಂದರೆ ಕ್ಯಾಮೆರಾ ಕೂರುವ, ನೀರು ನುಗ್ಗದ ಡಬ್ಬಿ. ಅದರ ಮುಂಭಾಗದಲ್ಲಿ ಎಂಥ ಗಾಜಿದೆ, ಆ ಗಾಜಿನ ಮುಂದೆ ಇನ್ನೇನು ಸಿಕ್ಕಿಸಬಹುದು ಅಂತ ನೋಡಿ. ಆ ಗಾಜಿನ ಕಿಟಕಿಗೇ ಪೋರ್ಟ್ ಅನ್ನುವುದು.

ದೊಡ್ಡ ಕ್ಯಾಮೆರಾದವರು ಲೆನ್ಸ್ ಬಿಚ್ಚಿ ಬೇರೆಯದು ಹಾಕುತ್ತಾರೆ, ಆ ಲೆನ್ಸಿಗೆ ತಕ್ಕ ಪೋರ್ಟನ್ನೂ ಹಾಕುತ್ತಾರೆ. ಕಾಂಪ್ಯಾಕ್ಟ್, ಅಂದರೆ ಪುಟ್ಟ ಕ್ಯಾಮೆರಾದ ಲೆನ್ಸ್ ಬಿಚ್ಚಲು ಬರುವುದಿಲ್ಲ. ಹಾಗಾಗಿ ನಮ್ಮ ಲೆನ್ಸ್ ಆಯ್ಕೆಯೆಲ್ಲ ಹೌಸಿಂಗ್‌ನ ಹೊರಗೆ, ನೀರಿನಲ್ಲೇ ನಡೆಯುತ್ತದೆ. ಇದರಲ್ಲಿ ಒಂದು ಲಾಭವೂ ಇದೆ. ದೊಡ್ಡ ಕ್ಯಾಮೆರಾಕ್ಕೆ ಮ್ಯಾಕ್ರೋ, ಅಂದರೆ ಪುಟ್ಟ ಜೀವಿಗಳನ್ನು ದೊಡ್ಡದಾಗಿ ತೋರಿಸುವ ಲೆನ್ಸ್ ಹಾಕಿಕೊಂಡು ಇಳಿದವರ ಎದುರಿಗೆ ಆವತ್ತೇ ತಿಮಿಂಗಿಲ ಶಾರ್ಕ್ ಬಂದು ನಿಂತರೆ, ಅವರಿಗೆ ಸಿಗುವುದು ಅದರ ಚರ್ಮದ ನಾಲ್ಕು ಚುಕ್ಕೆ. ಕಾಂಪ್ಯಾಕ್ಟ್ ಇದ್ದವರು ಹೊರಗಿನ ಮ್ಯಾಕ್ರೋ ಲೆನ್ಸ್ ಬಿಚ್ಚಿ ಜೇಬಿಗೆ ಹಾಕಿಕೊಂಡು, ಅಗಲದ ದೃಶ್ಯ ಹಿಡಿಸುವ ವೈಡ್ ಲೆನ್ಸ್ ಸಿಕ್ಕಿಸಬಹುದು. ಶಾರ್ಕ್ ಅಷ್ಟು ಹೊತ್ತು ಕಾದರೆ!

ಈಗ ಸ್ವಲ್ಪ ಭೌತಶಾಸ್ತ್ರ. ಹೆದರಬೇಡಿ, ಹೈಸ್ಕೂಲಿನದೇ.

ಕಾಂಪ್ಯಾಕ್ಟ್ ಹೌಸಿಂಗ್‌ಗಳಲ್ಲಿ ಬಹುಪಾಲಿಗೆ ಇರುವುದು ಫ್ಲಾಟ್ ಪೋರ್ಟ್, ಅಂದರೆ ಚಪ್ಪಟೆ ಗಾಜು. ಗಾಜಿನ ಆಚೆ ನೀರು, ಈಚೆ ಗಾಳಿ. ನೀರಿನ ವಕ್ರೀಭವನ ಸೂಚ್ಯಂಕ ಸುಮಾರು 1.33. ಓರೆಯಾಗಿ ಬರುವ ಬೆಳಕು ನೀರಿನಿಂದ ಗಾಳಿಗೆ ದಾಟುವಾಗ ಬಾಗುತ್ತದೆ. ತುಂಬಿದ ಬಾವಿಯ ತಳ ಮೇಲೆದ್ದು ಬಂದಂತೆ ಕಾಣುತ್ತದಲ್ಲ, ಅದೇ ಕತೆ. ಒಂದು ಮೀಟರ್ ದೂರದ ಮೀನು ಮುಕ್ಕಾಲು ಮೀಟರ್‌ನಲ್ಲೇ ಇದ್ದಂತೆ, ಗಾತ್ರದಲ್ಲಿ ಮೂರನೇ ಒಂದು ಪಾಲು ದೊಡ್ಡದಾದಂತೆ ಕಾಣುತ್ತದೆ. ಡೈವ್ ಮಾಸ್ಕ್ ಕೂಡ ಒಂದು ಫ್ಲಾಟ್ ಪೋರ್ಟೇ. ಬೋಟಿಗೆ ಮರಳಿದ ಮೇಲೆ ಎಲ್ಲರೂ ಕೈ ಅಗಲಿಸಿ ತೋರಿಸುವ ಮೀನಿನ ಅಳತೆಯಲ್ಲಿ ಅರ್ಧ ತಪ್ಪು ಮಾಸ್ಕಿನದು. ಉಳಿದರ್ಧದ ಬಗ್ಗೆ ನಾನೇನೂ ಹೇಳುವುದಿಲ್ಲ.

ದೊಡ್ಡದಾಗಿ ಕಂಡರೆ ಒಳ್ಳೆಯದೇ ಅಲ್ವಾ? ಮ್ಯಾಕ್ರೋಗೆ ಹೌದು. ವೈಡ್ ಫೋಟೋಗೆ ಪೂರ್ತಿ ನಷ್ಟ. ದೊಡ್ಡದಾಗಿ ಕಾಣುವುದು ಅಂದರೆ ಚೌಕಟ್ಟಿನೊಳಗೆ ಕಡಿಮೆ ಹಿಡಿಸುವುದು ಅಂತಲೇ ಅರ್ಥ. 24 ಮಿಮೀ ಲೆನ್ಸ್ ದಡದ ಮೇಲೆ ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿ ನೋಡುತ್ತದೆ. ಅದನ್ನೇ ಫ್ಲಾಟ್ ಪೋರ್ಟಿನ ಹಿಂದಿಟ್ಟು ನೀರಿಗಿಳಿಸಿದರೆ 60 ಡಿಗ್ರಿಗೆ ಬಂದು ನಿಲ್ಲುತ್ತದೆ. 28 ಮಿಮೀ ಲೆನ್ಸಿನ 75 ಡಿಗ್ರಿ 55ರ ಆಸುಪಾಸಿಗೆ ಇಳಿಯುತ್ತದೆ. ಎಷ್ಟೇ ಅಗಲದ ಲೆನ್ಸ್ ತಂದು ಹಿಂದೆ ಇಟ್ಟರೂ ಚಪ್ಪಟೆ ಗಾಜಿನ ಮೂಲಕ 97 ಡಿಗ್ರಿಗಿಂತ ಜಾಸ್ತಿ ನೋಡಲು ಆಗುವುದೇ ಇಲ್ಲ, ಅದು ಬೆಳಕಿನ ನಿಯಮ. ಆ ಮಿತಿ ಹತ್ತಿರ ಬರುವ ಮೊದಲೇ ಮೂಲೆಗಳು ಎಳೆದಂತಾಗಿ, ಅಂಚುಗಳಲ್ಲಿ ಬಣ್ಣ ಬಣ್ಣದ ಗೆರೆ ಶುರುವಾಗುತ್ತವೆ.

ಸರಿ, ಕೋನ ಕಡಿಮೆಯಾದರೆ ಸ್ವಲ್ಪ ಹಿಂದೆ ಸರಿದು ತೆಗೆದರಾಯಿತು ಅಂತ ಯಾರಿಗಾದರೂ ಅನಿಸುತ್ತದೆ. ನೆಲದ ಮೇಲೆ ಅದು ಸರಿ. ನೀರಿನಲ್ಲಿ ಹಿಂದೆ ಸರಿದಷ್ಟೂ ನಿಮಗೂ ಮೀನಿಗೂ ನಡುವೆ ನೀರು ಜಾಸ್ತಿಯಾಗುತ್ತದೆ, ಮತ್ತು ನೀರು ಫೋಟೋದ ಶತ್ರು. ಮೊದಲು ಕೆಂಪು ಬಣ್ಣವನ್ನು ನುಂಗುತ್ತದೆ, ಆಮೇಲೆ ಕಿತ್ತಳೆ, ಹಳದಿ. ಅದರಲ್ಲಿ ತೇಲುವ ಕಣಗಳು ಸ್ಟ್ರೋಬ್, ಅಂದರೆ ನೀರೊಳಗಿನ ಫ್ಲ್ಯಾಶ್ ಬೆಳಕಿಗೆ ಹಿಟ್ಟು ಚೆಲ್ಲಿದ ಹಾಗೆ ಮಿನುಗುತ್ತವೆ. ಸ್ಟ್ರೋಬ್ ಹಾಕಿದರೂ ಅದರ ಬೆಳಕು ಮೀನಿನವರೆಗೆ ಹೋಗಿ ಮತ್ತೆ ಕ್ಯಾಮೆರಾದವರೆಗೆ ಬರಬೇಕು, ಅಂದರೆ ಎರಡು ಮೀಟರ್ ದೂರದ ಮೀನಿಗೆ ಬೆಳಕು ನಾಲ್ಕು ಮೀಟರ್ ನೀರು ದಾಟಬೇಕು. ಕಾಲಿಗೆ ಫಿನ್ ಹಾಕಿ ಉದ್ದಕ್ಕೆ ತೇಲುತ್ತಿರುವ ಡೈವರ್ ಒಬ್ಬರನ್ನು 24 ಮಿಮೀ ಲೆನ್ಸ್ ಮತ್ತು ಫ್ಲಾಟ್ ಪೋರ್ಟಿನಲ್ಲಿ ಪೂರ್ತಿ ಹಿಡಿಸಲು ಎರಡು ಮೀಟರ್‌ಗಿಂತ ದೂರ ಹೋಗಬೇಕಾಗುತ್ತದೆ. ಹೌಸಿಂಗ್‌ನ ಹೊರಗೆ ಸಿಕ್ಕಿಸುವ 130 ಡಿಗ್ರಿಯ ವೈಡ್ ಲೆನ್ಸ್ ಇದ್ದರೆ ಒಂದು ಮೀಟರ್‌ನೊಳಗೇ ಕೆಲಸ ಮುಗಿಯುತ್ತದೆ. ನೀರೊಳಗೆ ವೈಡ್ ಲೆನ್ಸ್ ಬೇಕಾಗುವುದು ಇದಕ್ಕೇ. ದೊಡ್ಡ ದೃಶ್ಯ ಹಿಡಿಸುತ್ತದೆ ಎನ್ನುವುದಕ್ಕಿಂತ, ಅದೇ ದೃಶ್ಯವನ್ನು ಹತ್ತಿರದಿಂದ, ಕಡಿಮೆ ನೀರಿನ ಮೂಲಕ ತೆಗೆಯಲು ಬಿಡುತ್ತದೆ.

ಹಾಗಿದ್ದರೆ ಗುಮ್ಮಟದಂಥ ಡೋಮ್ ಪೋರ್ಟ್ ಹಾಕಿದರೆ ಆಗುವುದಿಲ್ಲವೇ? ದೊಡ್ಡ ಕ್ಯಾಮೆರಾಗಳಲ್ಲಿ ಅದನ್ನೇ ಮಾಡುತ್ತಾರೆ. ಬಾಗಿದ ಗಾಜಿಗೆ ಬೆಳಕು ಎಲ್ಲ ಕಡೆಯಿಂದಲೂ ನೇರವಾಗಿ ಬಂದು ತಾಗುತ್ತದೆ, ಬಾಗುವ ಪ್ರಶ್ನೆ ಬರುವುದಿಲ್ಲ, ಲೆನ್ಸಿನ ಕೋನ ಹಾಗೇ ಉಳಿಯುತ್ತದೆ. ಆದರೆ ಇದಕ್ಕೆ ಒಂದು ಷರತ್ತಿದೆ. ಗುಮ್ಮಟದ ಕೇಂದ್ರ ಎಲ್ಲಿದೆಯೋ ಸರಿಯಾಗಿ ಅಲ್ಲೇ ಲೆನ್ಸಿನೊಳಗೆ ಬೆಳಕು ಹಾಯುವ ಬಿಂದುವೂ ಇರಬೇಕು. ಕಾಂಪ್ಯಾಕ್ಟ್‌ನ ಲೆನ್ಸ್ ಝೂಮ್ ಮಾಡಿದಾಗಲೆಲ್ಲ ಮುಂದೆ ಬರುತ್ತದೆ, ಹಿಂದೆ ಹೋಗುತ್ತದೆ. ಒಂದು ಝೂಮ್‌ನಲ್ಲಿ ಸರಿ ಕೂತದ್ದು ಇನ್ನೊಂದರಲ್ಲಿ ಕೂರುವುದಿಲ್ಲ.

ಇನ್ನೊಂದು ವಿಚಿತ್ರವಿದೆ, ಇದನ್ನು ಮೊದಲ ಸಲ ಕೇಳಿದವರು ನಂಬುವುದಿಲ್ಲ. ನೀರೊಳಗಿನ ಡೋಮ್ ತಾನೇ ಒಂದು ಲೆನ್ಸಿನ ಹಾಗೆ ವರ್ತಿಸಿ, ಎದುರಿನ ಇಡೀ ಕಡಲಿನ ಬಿಂಬವನ್ನು ತನ್ನ ಮೂಗಿನ ತುದಿಗೆ ತಂದು ನಿಲ್ಲಿಸುತ್ತದೆ. ಲೆಕ್ಕ ಹೀಗಿದೆ: ಅನಂತ ದೂರದ ವಸ್ತುವಿನ ಬಿಂಬ ಕೂಡ ಡೋಮ್‌ನ ತ್ರಿಜ್ಯದ ಮೂರು ಪಟ್ಟು ದೂರದಲ್ಲಿ ಮೂಡುತ್ತದೆ. ತ್ರಿಜ್ಯ 5 ಸೆಂಮೀ ಇದ್ದರೆ, 15 ಸೆಂಮೀ ಮುಂದೆ. ಹತ್ತಿರದ ಮೀನು, ದೂರದ ಬಂಡೆ, ಅದರಾಚೆಯ ನೀಲಿ, ಎಲ್ಲವೂ ಆ 15 ಸೆಂಮೀ ಒಳಗೇ. ಕ್ಯಾಮೆರಾ ಅಷ್ಟು ಹತ್ತಿರ ಫೋಕಸ್ ಮಾಡಬಲ್ಲದಾದರೆ ಸರಿ, ಇಲ್ಲದಿದ್ದರೆ ಫೋಟೋವೆಲ್ಲ ಮಬ್ಬು. ಗೋಪ್ರೋ ಹೀರೋ 2 ಕಾಲದಲ್ಲಿ ಇದೇ ಆಯಿತು. ಜೊತೆಗೆ ಬರುತ್ತಿದ್ದ ಹೌಸಿಂಗ್‌ನ ಗಾಜು ಉಬ್ಬಿತ್ತು, ಕ್ಯಾಮೆರಾದ ಫೋಕಸ್ ಸ್ಥಿರವಾಗಿತ್ತು, ನೀರೊಳಗಿನ ವಿಡಿಯೋಗಳೆಲ್ಲ ಮಸುಕಾಗಿ ಬಂದವು. ಆಮೇಲೆ ಚಪ್ಪಟೆ ಗಾಜಿನ ಡೈವ್ ಹೌಸಿಂಗ್ ಬಂತು.

ಹೀಗಾಗಿ ಕಾಂಪ್ಯಾಕ್ಟ್‌ಗೆ ಡೋಮ್ ಪೋರ್ಟ್ ಹುಡುಕುತ್ತಾ ಸುಮ್ನೆ ಸಮಯ ಕಳೆಯಬೇಡಿ. ಅರ್ಧ ನೀರು ಅರ್ಧ ಆಕಾಶ ಕಾಣುವ ಫೋಟೋಗಳೇ ನಿಮ್ಮ ಕನಸಾಗಿದ್ದರೆ ಮಾತ್ರ ಅದರ ವಿಚಾರ ಬೇರೆ. ಅದಕ್ಕೆ ದೊಡ್ಡ ಡೋಮ್ ಬೇಕೇ ಬೇಕು, ಮತ್ತು ನಿಜ ಹೇಳಬೇಕೆಂದರೆ ಅದಕ್ಕೆ ದೊಡ್ಡ ಕ್ಯಾಮೆರಾವೇ ವಾಸಿ.

ನಮಗೆ ಒಗ್ಗುವುದು ಫ್ಲಾಟ್ ಪೋರ್ಟ್, ಅದರ ಮೇಲೆ ವೆಟ್ ಲೆನ್ಸ್. ಹೌಸಿಂಗ್‌ನ ಹೊರಗೆ, ನೀರು ತಾಗಿಕೊಂಡೇ ಕೂರುವ ಲೆನ್ಸ್ ಆದ್ದರಿಂದ ಆ ಹೆಸರು. ಪೋರ್ಟಿನ ಗಾಜಿಗೂ ಈ ಲೆನ್ಸಿಗೂ ನಡುವೆ ನೀರು ತುಂಬಿರುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ವಿನ್ಯಾಸ ಮಾಡಿರುತ್ತಾರೆ. ವೈಡ್ ವೆಟ್ ಲೆನ್ಸ್‌ಗಳಲ್ಲಿ ಇನಾನ್ ಯುಡಬ್ಲ್ಯುಎಲ್-ಎಚ್100 ಹಳೆಯ ಹೆಸರು. ನಾಟಿಕ್ಯಾಮ್‌ನವರ ಡಬ್ಲ್ಯುಡಬ್ಲ್ಯುಎಲ್-1 ಲೆನ್ಸ್ 28 ಮಿಮೀ ಕ್ಯಾಮೆರಾಕ್ಕೆ 130 ಡಿಗ್ರಿ ಕೊಡುತ್ತದೆ, ಡಬ್ಲ್ಯುಡಬ್ಲ್ಯುಎಲ್-ಸಿ ಅದನ್ನೇ 24 ಮಿಮೀ ಕ್ಯಾಮೆರಾಕ್ಕೆ ಕೊಡುತ್ತದೆ. ಈ ಎರಡರಲ್ಲೂ ಲೆನ್ಸ್ ಹಾಕಿಕೊಂಡೇ ಝೂಮ್ ಮಾಡಬಹುದು, ಮುಂದಿನ ಗಾಜಿಗೆ ತಾಗುವಷ್ಟು ಹತ್ತಿರದವರೆಗೂ ಫೋಕಸ್ ಆಗುತ್ತದೆ. ಒಳ್ಳೆಯ ವೈಡ್ ಲೆನ್ಸ್ ಕ್ಯಾಮೆರಾದಷ್ಟೇ ದುಡ್ಡು ಕೇಳುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ತೂಕವೂ ಹಾಗೇ, ಡಬ್ಲ್ಯುಡಬ್ಲ್ಯುಎಲ್-1 ದಡದ ಮೇಲೆ ಒಂದು ಕೆಜಿಗೂ ಜಾಸ್ತಿ. ಕೈ ಸೋಲದಿರಲಿ ಅಂತ ಅದರ ಸುತ್ತ ತೇಲುವ ಬಳೆಯೊಂದನ್ನು ಹಾಕುತ್ತಾರೆ.

ಈಗ ಅಸಲಿ ತೊಡಕಿನ ಜಾಗಕ್ಕೆ ಬಂದೆವು. ಅಂಗಡಿಯವರು ಹೇಳದೇ ಬಿಡುವುದೂ ಇದನ್ನೇ.

ವೈಡ್ ವೆಟ್ ಲೆನ್ಸ್ ಸರಿಯಾಗಿ ಕೆಲಸ ಮಾಡಬೇಕಾದರೆ ಕ್ಯಾಮೆರಾ ಲೆನ್ಸಿನ ಮೂತಿ ಪೋರ್ಟಿನ ಗಾಜಿಗೆ ಅಂಟಿದಷ್ಟು ಹತ್ತಿರ ಇರಬೇಕು. ನಡುವೆ ಜಾಗ ಬಿಟ್ಟರೆ ಕೊಳವೆಯೊಳಗಿಂದ ನೋಡಿದ ಹಾಗೆ ನಾಲ್ಕೂ ಮೂಲೆ ಕಪ್ಪಾಗುತ್ತವೆ. ಹೌಸಿಂಗ್ ಮಾಡುವವರಿಗೆ ಇಲ್ಲೊಂದು ಇಕ್ಕಟ್ಟು. ಕ್ಯಾಮೆರಾದ ಲೆನ್ಸ್ ಪೂರ್ತಿ ಝೂಮ್ ಮಾಡಿದಾಗ ಎಷ್ಟು ಉದ್ದ ಬರುತ್ತದೋ ಪೋರ್ಟ್ ಅಷ್ಟು ಉದ್ದ ಇರಲೇಬೇಕು, ಇಲ್ಲದಿದ್ದರೆ ಲೆನ್ಸ್ ಗಾಜಿಗೆ ಗುದ್ದುತ್ತದೆ. ಹಾಗೆ ಉದ್ದ ಮಾಡಿದರೆ, ವೈಡ್‌ಗೆ ಬಂದಾಗ ಲೆನ್ಸ್ ಒಳಗೆ ಸರಿದು ಗಾಜಿನಿಂದ ದೂರವಾಗಿಬಿಡುತ್ತದೆ.

ಸೋನಿ ಆರ್‌ಎಕ್ಸ್100 ಸರಣಿಯನ್ನೇ ನೋಡಿ. 2014ರ ಮೂರನೇ ಮಾದರಿಯಿಂದ ಐದನೆಯದರವರೆಗೆ ಲೆನ್ಸ್ 24-70 ಮಿಮೀ. 2018ರ ಆರನೆಯದು ಮತ್ತು 2019ರ ಏಳನೆಯದರಲ್ಲಿ ಅದು 24-200 ಮಿಮೀ ಆಯಿತು. ಪ್ರವಾಸಕ್ಕೆ ಹೋಗುವವರಿಗೆ ಖುಷಿಯ ಸುದ್ದಿ, ಡೈವರ್‌ಗಳಿಗೆ ತಲೆನೋವು. ಉದ್ದ ಝೂಮ್‌ನ ಕ್ಯಾಮೆರಾಕ್ಕೆ ಬದಲಾಯಿಸಬಹುದಾದ ಎರಡು ಪೋರ್ಟ್ ಇರುವ ಹೌಸಿಂಗ್ ಸಿಗುತ್ತದೆ: ವೈಡ್‌ಗೆ ಗಿಡ್ಡದು, ಮ್ಯಾಕ್ರೋಗೆ ಉದ್ದದ್ದು. ಆದರೆ ಪೋರ್ಟನ್ನು ನೀರೊಳಗೆ ಬದಲಾಯಿಸಲು ಬರುವುದಿಲ್ಲ, ಬೋಟಿನ ಮೇಲೇ ನಿರ್ಧಾರ ಮಾಡಬೇಕು. ಅಲ್ಲಿಗೆ ಕಾಂಪ್ಯಾಕ್ಟ್‌ನ ಆ ದೊಡ್ಡ ಲಾಭವೇ ಹೋಯಿತು. ಹಾಗಾಗಿ ನನ್ನನ್ನು ಕೇಳಿದರೆ, ನೀರೊಳಗಿನ ಕೆಲಸಕ್ಕೆ ಹೊಸ ಏಳನೆಯದಕ್ಕಿಂತ ಸೆಕೆಂಡ್ ಹ್ಯಾಂಡ್ ಐದನೆಯದೇ ಮೇಲು. ಕ್ಯಾನನ್ ಜಿ7ಎಕ್ಸ್ ಮಾರ್ಕ್ 2 ಕೂಡ ಇದೇ ಜಾತಿಯದು, 24-100 ಮಿಮೀ. ಅದಕ್ಕೆ 28 ಮಿಮೀಗಾಗಿ ಮಾಡಿದ ವೆಟ್ ಲೆನ್ಸ್ ಹಾಕಿದರೆ ಮೂಲೆ ಕಪ್ಪಾಗುತ್ತದೆ, ಸ್ವಲ್ಪ ಝೂಮ್ ಮಾಡಿದರೆ ಸರಿಹೋಗುತ್ತದೆ.

ಇನ್ನು ಮರೆ, ಅಂದರೆ ಪೋರ್ಟಿನ ಬಾಯಿಯ ಸುತ್ತ ಇರುವ ತಿರುಪಿನ ಗೆರೆ. ಎಂ67, ಅಂದರೆ 67 ಮಿಮೀ ಅಳತೆಯದು ಎಲ್ಲರೂ ಒಪ್ಪಿಕೊಂಡದ್ದು, ಹೆಚ್ಚಿನ ವೆಟ್ ಲೆನ್ಸ್‌ಗಳು ಅದಕ್ಕೇ ಕೂರುತ್ತವೆ. ಚಿಕ್ಕ ಹೌಸಿಂಗ್‌ಗಳಲ್ಲಿ 52 ಮಿಮೀ ಇರುತ್ತದೆ. ಕೆಲವು ಅಗ್ಗದ ಪ್ಲಾಸ್ಟಿಕ್ ಹೌಸಿಂಗ್‌ಗಳಿಗೆ ಮರೆಯೇ ಇರುವುದಿಲ್ಲ, ಅಂಥದ್ದನ್ನು ಕಡಿಮೆ ಬೆಲೆಗೆ ಸಿಕ್ಕಿತು ಅಂತ ತಂದರೆ ಮುಂದೆ ಯಾವ ಲೆನ್ಸಿಗೂ ದಾರಿ ಇಲ್ಲ. ತಿರುಪುವುದು ಬೇಸರ ಅನ್ನುವವರಿಗೆ ಬಯೊನೆಟ್ ಅಡಾಪ್ಟರ್ ಇದೆ, ಕಾಲು ತಿರುವಿಗೆ ಕೂರುತ್ತದೆ. ಮ್ಯಾಕ್ರೋ ಲೆನ್ಸಿಗಾದರೆ ಬಾಗಿಲಿನಂತೆ ತೆರೆದು ಮುಚ್ಚುವ ಫ್ಲಿಪ್ ಹೋಲ್ಡರ್ ಇನ್ನೂ ಸುಲಭ.

ಒಲಿಂಪಸ್ ಟಿಜಿ ಬಗ್ಗೆ ಹೇಳದೆ ಈ ವಿಷಯ ಮುಂದೆ ಹೋಗುವುದಿಲ್ಲ, ಡೈವ್ ಬೋಟಿನಲ್ಲಿ ಜಾಸ್ತಿ ಕಾಣುವ ಕಾಂಪ್ಯಾಕ್ಟ್ ಅದೇ. ಟಿಜಿ-6 ಬಂದದ್ದು 2019ರಲ್ಲಿ, ಟಿಜಿ-7 2023ರಲ್ಲಿ. ಲೆನ್ಸ್ 25-100 ಮಿಮೀ, ಝೂಮ್ ಎಲ್ಲ ಒಳಗೇ ನಡೆಯುತ್ತದೆ, ಮೂತಿ ಹೊರಗೆ ಬರುವುದಿಲ್ಲ. ಪೋರ್ಟ್ ಉದ್ದದ ತಾಪತ್ರಯವೇ ಇಲ್ಲ. ಹೌಸಿಂಗ್ ಇಲ್ಲದೆಯೇ 15 ಮೀಟರ್ ಆಳಕ್ಕೆ ಹೋಗುತ್ತದೆ, ಹೌಸಿಂಗ್ ಹಾಕಿದರೆ 45 ಮೀಟರ್. ನೇತ್ರಾಣಿಯಲ್ಲಿ ಸರ್ಟಿಫಿಕೇಟ್ ಇಲ್ಲದೆ ಇನ್‌ಸ್ಟ್ರಕ್ಟರ್ ಜೊತೆ ಇಳಿಯುವವರ ಮಿತಿ 12 ಮೀಟರ್, ಲೆಕ್ಕದ ಪ್ರಕಾರ ಅವರಿಗೆ ಬರಿ ಕ್ಯಾಮೆರಾವೇ ಸಾಕು. ಆದರೆ ಮೊದಲ ಡೈವ್‌ನಲ್ಲಿ ಕ್ಯಾಮೆರಾ ಹಿಡಿಯಲೇಬೇಡಿ, ಉಸಿರಾಟದ ಕಡೆ ಗಮನ ಇರಲಿ. ಓಪನ್ ವಾಟರ್ ಎಂಬ ಮೊದಲ ಹಂತದ ಸರ್ಟಿಫಿಕೇಟ್ ಕೋರ್ಸ್ ಮುಗಿಸಿ 18 ಮೀಟರ್‌ಗೆ ಹೋಗುವವರಿಗೆ ಹೌಸಿಂಗ್ ಬೇಕೇ ಬೇಕು.

ಟಿಜಿಯ ಜೀವಾಳ ಅದರ ಮೈಕ್ರೋಸ್ಕೋಪ್ ಮೋಡ್. ಲೆನ್ಸಿನಿಂದ ಒಂದೇ ಸೆಂಮೀ ದೂರದಲ್ಲಿರುವುದಕ್ಕೂ ಫೋಕಸ್ ಮಾಡುತ್ತದೆ, ಯಾವ ವೆಟ್ ಲೆನ್ಸೂ ಬೇಡ. ಅಕ್ಕಿಕಾಳಿನಷ್ಟು ನ್ಯೂಡಿಬ್ರಾಂಕ್, ಅಂದರೆ ಚಿಪ್ಪಿಲ್ಲದ ಬಣ್ಣದ ಕಡಲ ಹುಳ, ಚೌಕಟ್ಟು ತುಂಬ ಬರುತ್ತದೆ. ಕಷ್ಟ ಏನೆಂದರೆ ಅಷ್ಟು ಹತ್ತಿರ ಹೋದ ಮೇಲೆ ಬೆಳಕು ನುಗ್ಗಲು ಜಾಗ ಇರುವುದಿಲ್ಲ, ಹೌಸಿಂಗ್‌ನ ನೆರಳು ಹುಳದ ಮೇಲೇ ಬೀಳುತ್ತದೆ. ಅಳುಕಿನ ಪ್ರಾಣಿಯಾದರೆ ಓಡಿಹೋಗುತ್ತದೆ. ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಮೇಲೂ ಹಿಡಿತ ಕಡಿಮೆ. ವೈಡ್‌ನಲ್ಲಿ ಎಫ್/2, ಎಫ್/2.8 ಆದ ಮೇಲೆ ಸಿಗುವ ಎಫ್/8 ನಿಜವಾದ ಎಫ್/8 ಅಲ್ಲ, ಬೆಳಕು ತಗ್ಗಿಸುವ ಫಿಲ್ಟರ್ ಅಡ್ಡ ಬರುತ್ತದೆ ಅಷ್ಟೇ. ಫೋಕಸ್‌ನ ಆಳ, ಅಂದರೆ ಹಿಂದೆ ಮುಂದೆ ಎಷ್ಟು ದೂರದವರೆಗೆ ಸ್ಪಷ್ಟವಾಗಿ ಕಾಣುತ್ತದೆ ಅನ್ನುವುದು, ಅದರಿಂದ ಹೆಚ್ಚುವುದಿಲ್ಲ.

ಸೋನಿ, ಕ್ಯಾನನ್‌ನಂಥ ಒಂದು ಇಂಚಿನ ಸೆನ್ಸರ್ ಕ್ಯಾಮೆರಾಗಳಲ್ಲಿ ಮ್ಯಾಕ್ರೋ ದಾರಿ ಬೇರೆ. ವೈಡ್‌ನಲ್ಲಿ 5ರಿಂದ 8 ಸೆಂಮೀವರೆಗೆ ಹತ್ತಿರ ಹೋಗುತ್ತವೆ, ಆದರೆ ಆಗ ವಸ್ತು ಚಿಕ್ಕದಾಗಿ ಕಾಣುತ್ತದೆ. ಝೂಮ್ ಮಾಡಿದರೆ ದೂರ ನಿಲ್ಲಿಸುತ್ತವೆ: ಆರ್‌ಎಕ್ಸ್100ರ ಮೂರರಿಂದ ಐದನೇ ಮಾದರಿ 30 ಸೆಂಮೀ, ಜಿ7ಎಕ್ಸ್ ಮಾರ್ಕ್ 2 ಆದರೆ 40, ಆರ್‌ಎಕ್ಸ್100 ಏಳನೆಯದು ಬರೋಬ್ಬರಿ ಒಂದು ಮೀಟರ್. ಪೂರ್ತಿ ಝೂಮ್ ಮಾಡಿ, ಮುಂದೆ ಡಯಾಪ್ಟರ್, ಅಂದರೆ ಭೂತಗನ್ನಡಿಯಂಥ ಮ್ಯಾಕ್ರೋ ವೆಟ್ ಲೆನ್ಸ್ ಹಾಕಿದಾಗ ಆ ದೂರ ಕುಗ್ಗುತ್ತದೆ. ಡಯಾಪ್ಟರ್ ಸಂಖ್ಯೆಯನ್ನು ಅರ್ಥ ಮಾಡಿಕೊಳ್ಳುವುದು ಸುಲಭ, 100ನ್ನು ಅದರಿಂದ ಭಾಗಿಸಿದರೆ ಸುಮಾರಾಗಿ ಎಷ್ಟು ಸೆಂಮೀ ದೂರದಿಂದ ಕೆಲಸ ಮಾಡಬೇಕು ಅಂತ ಸಿಗುತ್ತದೆ. +6 ಆದರೆ 16 ಸೆಂಮೀ ಆಸುಪಾಸು, +10 ಆದರೆ 10. ಇನಾನ್ ಯುಸಿಎಲ್-165 ಮೊದಲ ಗುಂಪಿಗೆ ಸೇರಿದ್ದು. ಆ ದೂರ ದಾಟಿ ತುಂಬ ಹಿಂದೆ ಹೋದರೆ ಫೋಕಸ್ ಆಗುವುದೇ ಇಲ್ಲ, ಕ್ಯಾಮೆರಾ ಕೆಟ್ಟಿತೇನೋ ಅಂತ ಗಾಬರಿ ಬೀಳಬೇಡಿ.

ಶಕ್ತಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅಂತ ಮೊದಲೇ +10ಕ್ಕೆ ಕೈಹಾಕುವವರು ಬಹಳ. ನನಗೆ ಅದು ಸರಿ ಕಾಣುವುದಿಲ್ಲ. ಶಕ್ತಿ ಹೆಚ್ಚಿದಂತೆ ಫೋಕಸ್‌ನ ಆಳ ಕೆಲವೇ ಮಿಲಿಮೀಟರ್‌ಗೆ ಇಳಿಯುತ್ತದೆ, ಕಡಲಿನ ಅಲೆತ ನಿಮ್ಮನ್ನು ಹಿಂದೆ ಮುಂದೆ ತೂಗುವಾಗ ಅಷ್ಟರಲ್ಲಿ ಹುಳದ ಕೊಂಬನ್ನು ಹಿಡಿಯುವುದು ಹೊಸಬರಿಗೆ ಆಗದ ಮಾತು. +5, +6ರಲ್ಲಿ ಕೈ ಪಳಗಿಸಿ, ಎಫ್/8 ಅಥವಾ ಎಫ್/11 ಇಟ್ಟುಕೊಳ್ಳಿ, ಸ್ಟ್ರೋಬ್ ಹಾಕಿ. ಇನ್ನೊಂದು ಎಚ್ಚರಿಕೆ: ಸ್ಟುಡಿಯೋ ಸಾಮಾನಿನ ಅಂಗಡಿಯಲ್ಲಿ ಸಿಗುವ ಕ್ಲೋಸಪ್ ಫಿಲ್ಟರನ್ನು ನೀರಿಗೆ ತರಬೇಡಿ. ಎರಡೂ ಬದಿ ನೀರು ತಾಗಿದ ಬರಿ ಗಾಜಿನ ಶಕ್ತಿ ಮೂರರಲ್ಲೊಂದು ಪಾಲಿನ ಆಸುಪಾಸಿಗೆ ಕುಸಿಯುತ್ತದೆ, +10 ಅಂತ ತಂದದ್ದು +3, +4ರಂತೆ ವರ್ತಿಸುತ್ತದೆ.

ವೈಡ್ ಮೊದಲೋ ಮ್ಯಾಕ್ರೋ ಮೊದಲೋ? ಇದಕ್ಕೆ ಉತ್ತರ ನೀವು ಇಳಿಯುವ ನೀರಿನಲ್ಲಿದೆ. ಮುರ್ಡೇಶ್ವರದಿಂದ ಬೋಟಿನಲ್ಲಿ ಹೋಗುವ ನೇತ್ರಾಣಿಯಲ್ಲಿ ಮಳೆಗಾಲ ಮುಗಿದ ಮೇಲೆ ಡೈವಿಂಗ್ ಶುರುವಾಗುತ್ತದೆ, ಬೇಸಿಗೆಯವರೆಗೆ ನಡೆಯುತ್ತದೆ. ನೀರು ಒಂದು ದಿನ ತಿಳಿ, ಮರುದಿನ ಹಸಿರು ಗಂಜಿ. ಅರಬ್ಬಿ ಸಮುದ್ರದ ಈ ಕರಾವಳಿಯಲ್ಲಿ ತೇಲುವ ಕಣ ಜಾಸ್ತಿ. ಅಂಥ ನೀರಲ್ಲಿ ವೈಡ್ ಲೆನ್ಸ್ ಹಿಡಿದು ಹೋದರೆ ಅದೃಷ್ಟದ ಆಟ. ಮ್ಯಾಕ್ರೋ ಆದರೆ ಹತ್ತು ಸೆಂಮೀ ನೀರು ಎಷ್ಟು ಕದಡಿದ್ದರೂ ಲೆಕ್ಕಕ್ಕಿಲ್ಲ, ಬಂಡೆ ಸಂದಿಯ ಮೊರೆ ಈಲ್, ನ್ಯೂಡಿಬ್ರಾಂಕ್ ಎಲ್ಲ ಸಿಗುತ್ತವೆ. ಬೆಲೆಯಲ್ಲೂ ಡಯಾಪ್ಟರ್ ವೈಡ್‌ಗಿಂತ ಎಷ್ಟೋ ಕಡಿಮೆ. ಆದ್ದರಿಂದ ನಮ್ಮ ಕರಾವಳಿಯಲ್ಲೇ ಜಾಸ್ತಿ ಡೈವ್ ಮಾಡುವವರು ಮೊದಲು ಡಯಾಪ್ಟರ್ ತಗೊಳ್ಳಿ, ಉಳಿದ ದುಡ್ಡಿನಲ್ಲಿ ಒಂದು ಸ್ಟ್ರೋಬ್. ಅಂಡಮಾನ್, ಲಕ್ಷದ್ವೀಪಗಳ ತಿಳಿ ನೀರಿಗೆ ಪ್ರತಿ ವರ್ಷ ಹೋಗುವವರು ನೀವಾದರೆ ವೈಡ್‌ಗೇ ಮೊದಲ ಮಣೆ.

ಕೊಂಡ ಮೇಲೆ ಬಳಸುವ ರೀತಿ ಎರಡು ಮಾತಲ್ಲಿ. ವೆಟ್ ಲೆನ್ಸನ್ನು ದಡದಲ್ಲೇ ಬಿಗಿದುಕೊಂಡು ಹಾರಿದರೆ ಗಾಜಿಗೂ ಲೆನ್ಸಿಗೂ ನಡುವೆ ಗಾಳಿ ಗುಳ್ಳೆ ಸಿಕ್ಕಿಕೊಳ್ಳುತ್ತದೆ, ಫೋಟೋದ ನಡುವೆ ಮಬ್ಬು ಗೆರೆಯೊಂದು ಬರುತ್ತದೆ. ಕೆಳಗಿಳಿದ ಮೇಲೆ ಒಮ್ಮೆ ಸಡಿಲಿಸಿ, ಅಲುಗಾಡಿಸಿ, ಗುಳ್ಳೆ ಹೊರಗೆ ಹೋದ ಮೇಲೆ ಬಿಗಿ ಮಾಡಿ. ಲೆನ್ಸಿಗೊಂದು ದಾರ ಕಟ್ಟಿರಲಿ. ಡೈವ್ ಮುಗಿದ ಕೂಡಲೇ ಲೆನ್ಸ್ ಬಿಚ್ಚಿ ಸಿಹಿನೀರಲ್ಲಿ ನೆನೆಹಾಕಿ, ಮರೆಯ ನಡುವೆ ಉಪ್ಪು ಗಟ್ಟಿಯಾದರೆ ಆಮೇಲೆ ಜಗ್ಗಿದರೂ ಬರುವುದಿಲ್ಲ.

ಹೊಸ ಜೋಡಿಯನ್ನು ಕಡಲಿಗೆ ಒಯ್ಯುವ ಮೊದಲು ಮನೆಯ ದೊಡ್ಡ ಬಕೆಟ್ಟಿನಲ್ಲೋ ಟಬ್ಬಿನಲ್ಲೋ ಮುಳುಗಿಸಿ ನೋಡಿ. ದಡದ ಮೇಲೆ ವೈಡ್ ವೆಟ್ ಲೆನ್ಸ್ ಹೇಗೆ ಕಾಣುತ್ತದೆ ಅನ್ನುವುದಕ್ಕೆ ಬೆಲೆ ಇಲ್ಲ. ನೀರೊಳಗೆ ಪೂರ್ತಿ ವೈಡ್‌ನಿಂದ ನಿಧಾನಕ್ಕೆ ಝೂಮ್ ಮಾಡುತ್ತಾ ಬನ್ನಿ, ಕಪ್ಪು ಮೂಲೆಗಳು ಎಲ್ಲಿ ಮಾಯವಾಗುತ್ತವೆ ಅಂತ ಗುರುತಿಸಿಕೊಳ್ಳಿ. ಆರ್‌ಎಕ್ಸ್100ರಲ್ಲಿ ಸ್ಟೆಪ್ ಝೂಮ್ ಇಟ್ಟುಕೊಂಡರೆ 24ರಿಂದ 28ಕ್ಕೆ ಒಂದೇ ಹೆಜ್ಜೆಯಲ್ಲಿ ಬಂದು ನಿಲ್ಲುತ್ತದೆ, ನೀರೊಳಗೆ ಹುಡುಕಾಡುವ ಕೆಲಸ ತಪ್ಪುತ್ತದೆ.